ಬರಹಗಾರರಿಗೆ ಸಲಹೆ: ಕುಂಞಾಲಿಯನ್ನು ಹಿಡಿದುಕೊಟ್ಟವರು ಯಾರು?

ನಮಸ್ಕಾರ.

ನೀವು ಕಳಿಸಿದ ‘ಕಡಲ ಕಲಿಗೆ ನುಡಿನಮನ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಕೂರೋಕೂ ಮನಸ್ಸು ಬರುತ್ತಿಲ್ಲ. ಯಾಕೆಂದರೆ ನಿಮ್ಮ ನಾಲ್ಕನೇ ಪುಟದಲ್ಲಿ ಒಬ್ಬ ಮೀನು ಮಾರುವವನಿದ್ದಾನೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಂಗಳೂರಿನಿಂದ ಕಲ್ಲಿಕೋಟೆಗೆ ಹೋಗುವಾಗ ವಡಗರ ದಾಟಿ, ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಇರಿಂಗಲ್ ಹತ್ತಿರದ ಕೋಟಕ್ಕಲ್‌ನಲ್ಲಿ, ಪೋರ್ಚುಗೀಸರ ವಿರುದ್ಧ ಕಡಲಲ್ಲಿ ಕಾದಾಡಿದ ಕುಂಞಾಲಿ ಮರಕ್ಕಾರ್ ಸ್ಮಾರಕ ನೋಡಿ ಬಂದಿದ್ದೀರಿ. ನೌಕಾಪಡೆ ನಿಲ್ಲಿಸಿದ ಕಲ್ಲು, ಜೊತೆಗೆ ಮರಕ್ಕಾರ್ ಮನೆತನದ ಹಳೇ ಮನೆಯ ಮ್ಯೂಸಿಯಂ. ನಮ್ಮ ಓದುಗರಲ್ಲಿ ಎಷ್ಟೋ ಜನ ಆ ದಾರಿಯಲ್ಲಿ ಓಡಾಡಿದವರು. ಗಾಡಿ ನಿಲ್ಲಿಸಿ ನೋಡಿದವರು ಕಡಿಮೆ. ವಿಷಯದ ಆಯ್ಕೆಗೆ ಪೂರ್ತಿ ಅಂಕ.

ತಪ್ಪುಗಳನ್ನು ಮೊದಲು ಮುಗಿಸಿಬಿಡೋಣ. ‘ಆಯುರ್ವೇದಕ್ಕೆ ಹೆಸರಾದ ಕೋಟಕ್ಕಲ್’ ಅಂತ ಶುರು ಮಾಡಿದ್ದೀರಿ. ಅದು ಬೇರೆ ಊರು, ಇನ್ನೂ ದಕ್ಷಿಣಕ್ಕೆ, ಮಲಪ್ಪುರಂ ಜಿಲ್ಲೆಯಲ್ಲಿದೆ. ನಿಮ್ಮನ್ನು ನಂಬಿ ಹೋದವರು ಆರ್ಯ ವೈದ್ಯ ಶಾಲೆಯ ಗೇಟಿನಲ್ಲಿ ನಿಂತು ಕುಂಞಾಲಿ ಎಲ್ಲಿ ಅಂತ ವಿಚಾರಿಸಬೇಕಾಗುತ್ತದೆ.

ಎರಡನೇ ತಪ್ಪು ದೊಡ್ಡದು. ಪೋರ್ಚುಗೀಸರು 1531ರಲ್ಲಿ ಕಲ್ಲಿಕೋಟೆ ಹತ್ತಿರದ ಚಾಲಿಯಂನಲ್ಲಿ ಕೋಟೆ ಕಟ್ಟುವಾಗ ನಿಮ್ಮ ಕುಂಞಾಲಿ ಅವರ ಮೇಲೆ ಬೀಳುತ್ತಾನೆ. 1571ರಲ್ಲಿ ಅದೇ ಕೋಟೆ ಕೆಡವುತ್ತಾನೆ. 1600ರಲ್ಲಿ ಗೋವಾದಲ್ಲಿ ತಲೆ ಕೊಡುತ್ತಾನೆ. ಹಾಗಾದರೆ ಸಾಯುವಾಗ ಅವನಿಗೆ ಹತ್ತಿರ ಹತ್ತಿರ ತೊಂಬತ್ತಾಗಿರಬೇಕು, ಅಲ್ವಾ? ಕುಂಞಾಲಿ ಎಂಬುದು ಕಲ್ಲಿಕೋಟೆಯ ಸಾಮೂದಿರಿ ಅರಸ ತನ್ನ ಹಡಗುಪಡೆಯ ಮುಖ್ಯಸ್ಥನಿಗೆ ಕೊಡುತ್ತಿದ್ದ ಬಿರುದು. ಒಬ್ಬರ ಹಿಂದೆ ಒಬ್ಬರಂತೆ ನಾಲ್ವರು ಆಗಿಹೋದರು. ಚಾಲಿಯಂ ಬಿದ್ದ ಮೇಲೆ ಅರಸನ ಅಪ್ಪಣೆ ಪಡೆದು ಕೋಟಕ್ಕಲ್‌ನಲ್ಲಿ ಕೋಟೆ ಕಟ್ಟಿದವನು ಮೂರನೆಯವನು, ಪಟ್ಟು ಮರಕ್ಕಾರ್. ತಲೆ ಕಳೆದುಕೊಂಡವನು 1595ರಲ್ಲಿ ಪಟ್ಟಕ್ಕೆ ಬಂದ ನಾಲ್ಕನೆಯವನು. ನೀವು ನಾಲ್ವರನ್ನೂ ಹೊಲಿದು ಒಬ್ಬನನ್ನು ಮಾಡಿದ್ದೀರಿ.

ಈ ನಾಲ್ಕನೆಯವನು ಉಳ್ಳಾಲದ ಅಬ್ಬಕ್ಕನಿಗೆ ಹೆಗಲು ಕೊಟ್ಟ ಅಂತಲೂ ಬರೆದಿದ್ದೀರಿ. ನಮ್ಮ ಕಡೆಯ ಓದುಗರಿಗೆ ಹತ್ತಿರವಾಗಲಿ ಅಂತ ಇರಬೇಕು. ಅದಕ್ಕೆ ಖಚಿತವಲ್ಲದ ಮಾತು ಯಾಕೆ? ಮಂಗಳೂರಿನ ಪೋರ್ಚುಗೀಸ್ ಕೋಟೆಗೆ ನುಗ್ಗಿ ಬೆಂಕಿ ಇಟ್ಟವನು ಮೂರನೇ ಕುಂಞಾಲಿಯ ಕಡೆಯ ಕುಟ್ಟಿ ಪೋಕರ್, 1570ರ ಸುಮಾರಿಗೆ. ವಾಪಸ್ ಹೋಗುವಾಗ ಕಣ್ಣೂರಿನ ಹತ್ತಿರ ಪೋರ್ಚುಗೀಸ್ ಹಡಗುಗಳು ಎದುರಾಗಿ ಸತ್ತ. ಇದನ್ನೇ ನೆಟ್ಟಗೆ ಹೇಳಿ. ಸಾಕು.

ಈಗ ನನ್ನ ನಿಜವಾದ ತಕರಾರು. ‘ಪರಕೀಯರ ಕುತಂತ್ರಕ್ಕೆ ಬಲಿಯಾದ’ ಅಂತ ಒಂದು ವಾಕ್ಯ ಬರೆದು, ಮುಂದಿನ ವಾಕ್ಯದಲ್ಲೇ ತ್ರಿವರ್ಣ ಧ್ವಜ ಹಾರಿಸಿದ್ದೀರಿ. ಆದರೆ ನಾಲ್ಕನೇ ಕುಂಞಾಲಿಯನ್ನು ಹಿಡಿದುಕೊಟ್ಟವರು ಯಾರು? ಅವನ ಅರಸನೇ. 1584ರ ಹೊತ್ತಿಗೇ ಸಾಮೂದಿರಿ ಪೋರ್ಚುಗೀಸರ ಜೊತೆ ರಾಜಿಯಾಗಿ ಪೊನ್ನಾನಿ ಬಂದರಿನಲ್ಲಿ ಅವರಿಗೆ ಜಾಗ ಕೊಟ್ಟಿದ್ದ. ಅವರ ವಿರುದ್ಧ ಹಡಗು ಬಿಡುತ್ತಾ ಬಂದ ಮರಕ್ಕಾರ್ ಮನೆತನಕ್ಕೆ ಅದು ಹೇಗೆ ಹಿಡಿಸೀತು? ನಾಲ್ಕನೇ ಕುಂಞಾಲಿಯೂ ಸಾಧುವಲ್ಲ. ತನ್ನನ್ನೇ ಅರಸ ಅಂತ ಕರೆದುಕೊಂಡ. ಸಾಮೂದಿರಿಯ ಆನೆಯ ಬಾಲ ಕತ್ತರಿಸಿದ ಅನ್ನುವ ದೂರೂ ಅವನ ಮೇಲಿತ್ತು.

1599ರಲ್ಲಿ ಪೋರ್ಚುಗೀಸರ ದಂಡು ಬಂದು ಸೋತು ಹೋಯಿತು. ಆಗ ಗೋವಾದಲ್ಲಿ ವೈಸರಾಯ್ ಆಗಿದ್ದವನು ವಾಸ್ಕೋ ಡ ಗಾಮನ ಮರಿಮಗ. ದಂಡಿನ ಮುಂದಾಳು ಆ ವೈಸರಾಯ್‌ನ ಒಡಹುಟ್ಟಿದವನು. (ಇಂಥ ಸಂಗತಿ ಬಿಟ್ಟು ನೀವು ಪಕ್ಕದ ಸರ್ಗಾಲಯದ ಕರಕುಶಲ ಅಂಗಡಿಗಳಿಗೆ ಒಂದು ಪುಟ ಕೊಟ್ಟಿದ್ದೀರಿ!) ಮರುವರ್ಷ ಸಮುದ್ರದ ಕಡೆಯಿಂದ ಪೋರ್ಚುಗೀಸ್ ದಳಪತಿ ಆಂದ್ರೆ ಫುರ್ಟಾಡೊನ ಹಡಗುಗಳು, ನೆಲದ ಕಡೆಯಿಂದ ಸಾಮೂದಿರಿಯ ನಾಯರ್ ಪಡೆ. ಜೀವ ತೆಗೆಯುವುದಿಲ್ಲ ಅಂತ ಅರಸ ಮಾತು ಕೊಟ್ಟ. ಕುಂಞಾಲಿ ಹೊರಗೆ ಬಂದು ಕತ್ತಿಯನ್ನು ಅವನ ಕೈಗೆ ಒಪ್ಪಿಸಿದ. ಪೋರ್ಚುಗೀಸರು ಅಲ್ಲೇ ಅವನನ್ನು ಹಿಡಿದುಕೊಂಡರು. ಮಾತು ತಪ್ಪಿತು ಅಂತ ನಾಯರ್ ಸೈನಿಕರೇ ಗಲಾಟೆ ಎಬ್ಬಿಸಿದರು. ಪೋರ್ಚುಗೀಸರು ಕುಂಞಾಲಿಯನ್ನು ಗೋವಾಕ್ಕೆ ಒಯ್ದು ತಲೆ ಕಡಿದರು, ದೇಹ ತುಂಡು ಮಾಡಿ ಜನಕ್ಕೆ ಕಾಣುವ ಹಾಗೆ ಇಟ್ಟರು. ತಲೆಗೆ ಉಪ್ಪು ಹಾಕಿ ಕಣ್ಣೂರಿಗೆ ಕಳಿಸಿ ಕಂಬಕ್ಕೆ ಸಿಕ್ಕಿಸಿದರು.

ಇದೆಲ್ಲ ನಿಮಗೆ ಗೊತ್ತು. ‘ಅರಸನ ವಿಷಯ ಬರೆದರೆ ಓದುಗರಿಗೆ ಬೇಜಾರಾಗಬಹುದು, ಅದಕ್ಕೇ ಬಿಟ್ಟೆ’ ಅಂತ ಜೊತೆಗಿಟ್ಟ ಪತ್ರದಲ್ಲಿ ನೀವೇ ಹೇಳಿದ್ದೀರಿ. ನಾನೂರು ವರ್ಷ ದಾಟಿದೆ, ಇನ್ನು ಯಾರಿಗೆ ಬೇಜಾರು? ಆಗಿನ ದೊರೆಗೆ ಅವನು ದ್ರೋಹಿ. ಈಗಿನ ನೌಕಾಪಡೆ ಮುಂಬೈಯ ತನ್ನ ನೆಲೆಯೊಂದಕ್ಕೆ ಐಎನ್‌ಎಸ್ ಕುಂಞಾಲಿ ಅಂತ ಅವನ ಹೆಸರಿಟ್ಟಿದೆ. 2000ದಲ್ಲಿ ಅಂಚೆಚೀಟಿಯೂ ಬಂತು. ದ್ರೋಹಿ ಅನ್ನಿಸಿಕೊಂಡವನ ಹೆಸರಿಗೆ ಅದೇ ಊರಿನಲ್ಲಿ ಸರ್ಕಾರದ ಕಲ್ಲು ನಿಂತಿದೆಯಲ್ಲ, ಲೇಖನ ಇರುವುದೇ ಅಲ್ಲಿ.

ಸರಿ, ಮೀನಿನವನು. ನಿಮ್ಮ ಸಾಲುಗಳನ್ನೇ ಇಡುತ್ತೇನೆ: ‘ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬಂದು ಹಾರ್ನ್ ಹೊಡೆದ. ಹೆಂಗಸರು ಪಾತ್ರೆ ಹಿಡಿದು ಬಂದರು. ತಕ್ಕಡಿಯನ್ನು ಸ್ಮಾರಕದ ಗೋಡೆಯ ಮೇಲೆ ಇಟ್ಟು ಮತ್ತಿ ತೂಗಿದ. ಇದು ಯಾರದ್ದು ಅಂತ ಕೇಳಿದೆ. ನಮ್ಮ ಮರಕ್ಕಾರದ್ದು, ನಿಮಗೆಷ್ಟು, ಅರ್ಧ ಕಿಲೋನಾ ಅಂದ.’ ಇಡೀ ಲೇಖನದಲ್ಲಿ ನೀವು ಕಣ್ಣಾರೆ ನೋಡಿ ಬರೆದದ್ದು ಇದೊಂದೇ. ಎಷ್ಟು ಚೆನ್ನಾಗಿದೆ! ಆದರೆ ಅದರ ಬೆನ್ನಿಗೇ ‘ನಮ್ಮ ಜನರಿಗೆ ಇತಿಹಾಸಪ್ರಜ್ಞೆಯೇ ಇಲ್ಲ’ ಅಂತ ಸೇರಿಸಿದ್ದೀರಿ. ಸ್ವಾಮಿ, ಅವನಿಗೆ ಹೆಸರು ಗೊತ್ತಿತ್ತು, ‘ನಮ್ಮ’ ಅಂತಲೂ ಅಂದ. ಬೋರ್ಡ್ ನೋಡುವವರೆಗೆ ಗೊತ್ತಿಲ್ಲದಿದ್ದವರು ನೀವು. ಆ ಸಾಲು ಹೊಡೆದುಹಾಕಿ. ‘ಮೈ ರೋಮಾಂಚನವಾಯಿತು, ಎದೆ ಉಬ್ಬಿತು, ಕಣ್ಣು ತೇವವಾಯಿತು’ ಇರುವ ಪ್ಯಾರಾವನ್ನೂ ತೆಗೆಯಿರಿ.

ಕಲ್ಲಿನ ಮೇಲೆ ಏನು ಬರೆದಿದೆ? ಯಾವ ಯಾವ ಭಾಷೆಯಲ್ಲಿ? ಸಾಮೂದಿರಿಯ ಹೆಸರು ಅಲ್ಲಿದೆಯೋ ಇಲ್ಲವೋ? ನಿಮ್ಮ ಮೊಬೈಲಿನಲ್ಲಿ ಫೋಟೊ ಇದ್ದೇ ಇರುತ್ತದೆ, ದೊಡ್ಡದು ಮಾಡಿ ಓದಿ ಬರೆಯಿರಿ. ಮೀನಿನವನಿಂದ ಶುರು ಮಾಡಿ, ಕತ್ತಿ ಒಪ್ಪಿಸಿದ ಪ್ರಸಂಗಕ್ಕೆ ಅರ್ಧ ಜಾಗ ಕೊಡಿ. ಸರ್ಗಾಲಯ ಬೇಡ. ತಲೆಬರಹವೂ ಬೇಡ, ಅದನ್ನು ನಾವು ಕೊಡುತ್ತೇವೆ. ಒಂಬೈನೂರು ಪದ ದಾಟಬೇಡಿ.

ಮುಂದಿನ ಸಂಚಿಕೆ ತುಂಬಿದೆ, ಅದರ ನಂತರದ್ದಕ್ಕೆ ಇಟ್ಟುಕೊಳ್ಳುತ್ತೇನೆ. ಫೋಟೊ ಎರಡು ಸಾಕು. ನೀವು ಕಲ್ಲಿಗೆ ಒರಗಿ ನಿಂತ ಸೆಲ್ಫಿ ದಯವಿಟ್ಟು ಬೇಡ.

— ಸಂಪಾದಕ