ಪ್ಯಾರನಾಯ್ಡ್ ಅವಸರದ ಆಲ್ಬಮ್ಮಾ?

ಬ್ರಿಟನ್ನಿನ ಹೆವಿ ಮೆಟಲ್ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಎರಡನೇ ಆಲ್ಬಂ ‘ಪ್ಯಾರನಾಯ್ಡ್’ ಮೊದಲನೆಯದು ಬಂದ ಏಳೇ ತಿಂಗಳಲ್ಲಿ ಬಂತು, ಹಾಗಾಗಿ ಮೊದಲನೆಯದರಷ್ಟು ಗಟ್ಟಿಯಿಲ್ಲ ಅಲ್ವಾ ಅಂತ ಕೇಳಿದ್ದೀರಿ. ಅವಸರ ನಿಜ. ಆದರೆ ಮೊದಲನೆಯದು ಇನ್ನೂ ಅವಸರದ್ದು! 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಹೆಚ್ಚುಕಮ್ಮಿ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದರು.

ಎರಡನೆಯದಕ್ಕೆ ಕೆಲವು ದಿನವಾದರೂ ಸಿಕ್ಕಿತು. ಅದರಲ್ಲಿ ನಿಜಕ್ಕೂ ಗಡಿಬಿಡಿಯಲ್ಲಿ ಹುಟ್ಟಿದ್ದು ‘ಪ್ಯಾರನಾಯ್ಡ್’ ಹಾಡೇ. ಆಲ್ಬಂಗೆ ಇನ್ನೊಂದು ಚಿಕ್ಕ ಹಾಡು ಬೇಕಾಯಿತು. ಗಿಟಾರ್ ನುಡಿಸುವ ಟೋನಿ ಅಯೋಮಿ ಥಟ್ಟನೆ ಒಂದು ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ತುಣುಕು) ಹಿಡಿದರು, ಬೇಸ್ ಗಿಟಾರ್‌ನ ಗೀಜರ್ ಬಟ್ಲರ್ ಹಾಡಿನ ಸಾಲು ಗೀಚಿಕೊಟ್ಟರು. ಮೂರು ನಿಮಿಷವೂ ಇಲ್ಲ, ಆದರೂ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೇರಿತು. ಮುಖಪುಟದಲ್ಲಿ ಕತ್ತಿ, ಗುರಾಣಿ ಹಿಡಿದವನು ಯಾಕಿದ್ದಾನೆ ಗೊತ್ತಾ? ಆಲ್ಬಂ ಹೆಸರು ಮೊದಲು ‘ವಾರ್ ಪಿಗ್ಸ್’ (ಯುದ್ಧದ ಹಂದಿಗಳು) ಅಂತಿತ್ತು. ಹೆಸರು ಬದಲಾಯಿತು, ಪಾಪ ಅವನು ಅಲ್ಲೇ ಉಳಿದ.

ಮೊದಲ ಆಲ್ಬಂ ಶುರುವಾಗುವಾಗ ಮಳೆ, ದೂರದ ಗಂಟೆ, ಆಮೇಲೆ ಆ ಭಾರವಾದ ಮೂರು ಸ್ವರ. ಆ ಭಯ ಎರಡನೆಯದರಲ್ಲಿಲ್ಲ, ಒಪ್ಪಿದೆ. ಆದರೆ ಮೊದಲನೆಯದರ ಕೊನೆಗೆ ಬೇರೆಯವರ ‘ವಾರ್ನಿಂಗ್’ ಹಾಡನ್ನು ಹತ್ತು ನಿಮಿಷ ಎಳೀತಾರಲ್ಲ, ಅಲ್ಲಿ ನನಗೆ ಆಕಳಿಕೆ ಬರುತ್ತದೆ. ‘ಪ್ಯಾರನಾಯ್ಡ್’ನಲ್ಲಿ ಅಂಥ ಜಾಗ ಕಡಿಮೆ. ನನ್ನ ಓಟು ಅದಕ್ಕೇ.