ಗುಲಾಮಗಿರಿಯೇ ತಪ್ಪೆಂದ ಆದಿ ಕ್ರೈಸ್ತ ಚಿಂತಕರು ಇದ್ದಾರೆಯೇ?
ಗುಲಾಮರನ್ನು ದಯೆಯಿಂದ ಕಾಣಿ ಎಂದವರು ಬೇಡ, ಗುಲಾಮಗಿರಿಯೇ ತಪ್ಪೆಂದ ಆದಿ ಕ್ರೈಸ್ತ ಚಿಂತಕರು ಬೇಕು ಎಂದು ಕೇಳಿದ್ದೀರಿ. ನಾಲ್ಕನೆಯ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಇದ್ದಾರೆ. ಸುಮಾರು 380ರಲ್ಲಿ ಬೈಬಲ್‌ನ ಪ್ರಸಂಗಿ ಗ್ರಂಥದ ಮೇಲೆ ಅವರು ಮಾಡಿದ ನಾಲ್ಕನೆಯ ಪ್ರವಚನ ಓದಿ. ದಾಸದಾಸಿಯರನ್ನು ಕೊಂಡುಕೊಂಡೆ ಎಂಬ, ಆ ಗ್ರಂಥದ 2ನೇ ಅಧ್ಯಾಯದ 7ನೇ ವಚನದ ಮಾತೇ ಅಲ್ಲಿ ಗುರಿ. ಮನುಷ್ಯ ದೇವರ ಪ್ರತಿರೂಪ, ಅವನಿಗೆ ಬೆಲೆ ಕಟ್ಟುವವರು ಯಾರು? ಒಂದು ತುಂಡು ಕಾಗದ, ಎಣಿಸಿಕೊಟ್ಟ ನಾಲ್ಕು ಕಾಸು ನಿನ್ನನ್ನು ಅವನ ಒಡೆಯನನ್ನಾಗಿ ಮಾಡಿತೇ ಎಂದು ಕುಟುಕುತ್ತಾರೆ. ನೋವು, ಸಾವು ಒಡೆಯ, ಗುಲಾಮ ಇಬ್ಬರಿಗೂ ಒಂದೇ ಅಲ್ಲವೇ ಎನ್ನುತ್ತಾರೆ.

ಆದರೆ ಇದನ್ನು ಇಡೀ ಧರ್ಮಸಭೆಯ ದನಿ ಎಂದು ಉಲ್ಲೇಖಿಸಿದರೆ ಎಡವುತ್ತೀರಿ. ಅದೇ ಶತಮಾನದಲ್ಲಿ ಬಿಷಪ್‌ಗಳು ಸೇರಿದ ಗಂಗ್ರಾ (ಇಂದಿನ ಟರ್ಕಿಯಲ್ಲಿದೆ) ಸಮ್ಮೇಳನದ 3ನೇ ನಿಯಮ, ಭಕ್ತಿಯ ನೆಪದಲ್ಲಿ ಒಡೆಯನನ್ನು ಧಿಕ್ಕರಿಸಲು ಗುಲಾಮನಿಗೆ ಕಲಿಸುವವರನ್ನು ಶಪಿಸಿತು. ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್‌ಗೆ ಗುಲಾಮಗಿರಿ ಪಾಪದ ಫಲ, ಆದರೂ ವಿಧೇಯತೆ ಬೇಕು. ಹೆಸರಾಂತ ಪ್ರವಚನಕಾರ ಜಾನ್ ಕ್ರಿಸೊಸ್ಟೊಮ್ ನಡುವೆ ನಿಲ್ಲುತ್ತಾರೆ: ಕೊಂಡು, ಕಸುಬು ಕಲಿಸಿ, ಬಿಡುಗಡೆ ಮಾಡಿ (ಬೈಬಲ್‌ನ 1 ಕೊರಿಂಥ ಪತ್ರದ ಮೇಲಿನ 40ನೇ ಪ್ರವಚನ). ಗ್ರೆಗೊರಿ ಕೂಡ ಕಾನೂನು ಬದಲಿಸಿ ಎನ್ನಲಿಲ್ಲ. ಮನುಷ್ಯನನ್ನು ಕೊಳ್ಳುವುದನ್ನೇ ಅವರು ಖಂಡಿಸಿದ್ದು ಒಡೆಯನ ಅಹಂಕಾರವೆಂದು.

ಇಂದಿನ ಜೀತದ ಚರ್ಚೆಗೆ ತರುವುದಾದರೆ ಆ ಕಾಗದದ ವಾದವನ್ನೇ ಎತ್ತಿಕೊಳ್ಳಿ. ನಮ್ಮ 1976ರ ಜೀತ ರದ್ದತಿ ಕಾಯ್ದೆ ಅನೂರ್ಜಿತಗೊಳಿಸಿದ್ದೂ ಮನುಷ್ಯರನ್ನು ಜೀತಕ್ಕೆ ಕಟ್ಟಿಹಾಕುವ ಅಂಥ ಒಪ್ಪಂದಗಳನ್ನೇ.