ಮಳೆಯಲ್ಲಿ ಹತ್ತು ಕಿಲೋಮೀಟರ್ ಆಗುತ್ತಲೇ ಓಡುವ ಮನಸ್ಸೇ ಹೋಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 38 ವರ್ಷ, ಊರು ಉಡುಪಿ. ಡಿಸೆಂಬರ್‌ನಲ್ಲಿ ಮೊದಲ ಸಲ ಹಾಫ್ ಮ್ಯಾರಥಾನ್ (ಸುಮಾರು 21 ಕಿ.ಮೀ.) ಓಡಬೇಕು ಅಂತ ಆಸೆ. ಭಾನುವಾರ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು 16 ಕಿ.ಮೀ. ಓಟಕ್ಕೆ ಹೊರಡುತ್ತೇನೆ. ಮಳೆ ಹಿಡಿದ ಮೇಲೆ 9–10 ಕಿ.ಮೀ.ಗೆ ಬೇಜಾರು ಬಂದು ಮನೆ ಕಡೆ ತಿರುಗಿಬಿಡುತ್ತೇನೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ? ಉಳಿದ ದೂರವನ್ನು ಸೋಮವಾರ ಓಡಿ ತುಂಬಿಸಬಹುದಾ?

ಉತ್ತರ: ಮನಸ್ಸಿನ ಮೇಲೆ ಇಷ್ಟು ಬೇಗ ತಪ್ಪು ಹೊರಿಸಬೇಡಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ ಒಂದು ಲೋಟ ಕಾಫಿ. ರಾತ್ರಿ ಊಟವಾಗಿ ಎಂಟೊಂಬತ್ತು ಗಂಟೆ ಕಳೆದಿರುತ್ತದೆ. ಅದರ ಮೇಲೆ ಒಂದು ಗಂಟೆಗಿಂತ ಜಾಸ್ತಿ ಓಡಿದರೆ ಮೈಯಲ್ಲಿ ಕೂಡಿಟ್ಟ ಸಕ್ಕರೆ ಕರಗುತ್ತಾ ಬರುತ್ತದೆ. ಆಗಲೇ ಅಲ್ವಾ "ಸಾಕಪ್ಪಾ, ಇದೆಲ್ಲ ಯಾಕೆ ಬೇಕಿತ್ತು" ಅನಿಸುವುದು? ನಾವು ಅದಕ್ಕೆ ಬೇಜಾರು ಅನ್ನುತ್ತೇವೆ. ಎಷ್ಟೋ ಸಲ ಅದು ಬರೀ ಹಸಿವು.

ಹೊರಡುವ ಮುಕ್ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣೋ, ಜಾಮ್ ಸವರಿದ ಎರಡು ಬ್ರೆಡ್ಡೋ ತಿನ್ನಿ. ದಾರಿಯಲ್ಲೂ ಗಂಟೆಗೆ 30 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಒಳಗೆ ಹೋಗಲಿ. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಖರ್ಜೂರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರೂ ಆಯಿತು. ಬೇಜಾರು ಬರುವವರೆಗೆ ಕಾಯಬೇಡಿ, 40–45 ನಿಮಿಷಕ್ಕೇ ಶುರುಮಾಡಿ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಆದರೆ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ನೆ ಸುರಿಯುತ್ತದೆ. ನೀರು ಕುಡಿಯುತ್ತಿರಿ.

ಇನ್ನೊಂದು ಅನುಮಾನ ವೇಗದ್ದು. ಮಳೆ ಬಂದರೆ ಬೇಗ ಮುಗಿಸೋಣ ಅಂತ ಗೊತ್ತಿಲ್ಲದೆಯೇ ಕಾಲು ಚುರುಕಾಗುತ್ತದೆ. ಉದ್ದ ಓಟದಲ್ಲಿ ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಕಾಗಬೇಕು. ಸಾಕಾಗದಿದ್ದರೆ ನಿಧಾನ ಮಾಡಿ, ಬೇಕಿದ್ದರೆ ಒಂದೆರಡು ನಿಮಿಷ ನಡೆಯಿರಿ. ಗಡಿಯಾರ ಏನು ತೋರಿಸುತ್ತದೆ ಅಂತ ಆ ದಿನ ನೋಡಲೇಬೇಡಿ.

2018ರ ಬಾಸ್ಟನ್ ಮ್ಯಾರಥಾನ್ ನನಗೆ ಪದೇ ಪದೇ ನೆನಪಾಗುತ್ತದೆ. ಕೊರೆಯುವ ಚಳಿ, ಜಡಿಮಳೆ, ಎದುರು ಗಾಳಿ. ಹೆಸರಾಂತ ಓಟಗಾರರೇ ಅರ್ಧಕ್ಕೆ ಬಿಟ್ಟರು. ಅಮೆರಿಕದ ಡೆಸಿರೀ ಲಿಂಡೆನ್‌ಗೂ ಶುರುವಿನಲ್ಲೇ ಬಿಡುವ ಮನಸ್ಸಾಗಿತ್ತು. ಹೇಗೂ ಬಿಡುತ್ತೇನೆ, ಅಲ್ಲಿಯವರೆಗೆ ನಿನಗೆ ಸಹಾಯ ಮಾಡುತ್ತೇನೆ ಎಂದು ತಮ್ಮ ದೇಶದವರೇ ಆದ ಶಲೇನ್ ಫ್ಲಾನಗನ್‌ಗೆ ಹೇಳಿದರು. ಫ್ಲಾನಗನ್ ಶೌಚಾಲಯಕ್ಕೆ ನಿಂತಾಗ ಕಾದು, ಮುಂದಿನ ಗುಂಪು ಸೇರಲು ಜೊತೆಯಾದರು. ಕೊನೆಗೆ ಗೆದ್ದವರು ಲಿಂಡೆನ್ ಅವರೇ! 1985ರ ನಂತರ ಅಲ್ಲಿ ಗೆದ್ದ ಮೊದಲ ಅಮೆರಿಕನ್ ಮಹಿಳೆ. ಅವರ ಸಮಯ 2 ಗಂಟೆ 39 ನಿಮಿಷ 54 ಸೆಕೆಂಡ್. 2011ರಲ್ಲಿ ಅದೇ ಓಟದಲ್ಲಿ ಅವರು 2 ಗಂಟೆ 22 ನಿಮಿಷ 38 ಸೆಕೆಂಡ್‌ನಲ್ಲಿ ಮುಗಿಸಿದ್ದರು. 17 ನಿಮಿಷ ನಿಧಾನವಾಗಿ ಓಡಿಯೂ ಗೆದ್ದರು ನೋಡಿ.

ಹಾಗಾಗಿ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ. 16 ಕಿ.ಮೀ. ಪೂರ್ತಿ ಬರುವವರು ಸಿಗುವುದು ಕಷ್ಟ. ಕೊನೆಯ ಆರು ಕಿ.ಮೀ. ಬರುವವರು ಸಿಗುತ್ತಾರೆ. ಹತ್ತನೇ ಕಿ.ಮೀ.ನಲ್ಲಿ ಒಬ್ಬರು ಕೊಡೆ ಹಿಡಿದು ನಿಮಗಾಗಿ ಕಾಯುತ್ತಿದ್ದರೆ ಮನೆಗೆ ತಿರುಗಲು ಮನಸ್ಸು ಬರುವುದಿಲ್ಲ. ಯಾರೂ ಸಿಗದಿದ್ದರೆ ಮನೆಯ ಸುತ್ತ ಸುತ್ತುವುದು ಬಿಟ್ಟು, 8 ಕಿ.ಮೀ. ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಫೋನು, ಬಸ್ಸಿನ ಚಾರ್ಜು ಕವರಿನಲ್ಲಿರಲಿ.

ಒದ್ದೆ ಬಟ್ಟೆ ಉಜ್ಜಿ ತೊಡೆ, ಕಂಕುಳು ಉರಿಯುವುದೂ ಓಟ ಬಿಡಿಸುತ್ತದೆ. ಹತ್ತಿ ಬಟ್ಟೆ ಬೇಡ. ಉಜ್ಜುವ ಕಡೆಯೆಲ್ಲ ವ್ಯಾಸಲೀನ್ ಹಚ್ಚಿ. ರೇನ್‌ಕೋಟ್ ಒಳಗೆ ಬೆಂದುಹೋಗುತ್ತೀರಿ, ಮುಖಕ್ಕೆ ನೀರು ಬಡಿಯದ ಹಾಗೆ ಕ್ಯಾಪ್ ಒಂದಿದ್ದರೆ ಸಾಕು.

ಆದರೆ ಕೆಲವು ದಿನ ಓಡಲೇಬಾರದು. ಗುಡುಗು ಕೇಳಿದರೆ ಒಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಪಾಚಿ ಹಿಡಿದ ಮುರಕಲ್ಲಿನ ಮೇಲೆ ಓಟ ಬೇಡ. ನಿಂತ ನೀರಿನಲ್ಲಿ, ಅದರಲ್ಲೂ ಕಾಲಲ್ಲಿ ಗಾಯವಿದ್ದರೆ, ಇಳಿಯಲೇಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಅಂದರೆ, ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರದ ಕಾಲವೂ ಹೌದು. ಅಂಥ ನೀರು ತುಳಿದ ಮೇಲಿನ ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ನೀರು ತುಳಿದದ್ದನ್ನೂ ಹೇಳಿ.

ಸೋಮವಾರ ಸಾಲ ತೀರಿಸುವುದು ಬೇಡ. ದಣಿದ ಕಾಲಿಗೆ ಮತ್ತೆ ಹೊರೆ ಹೇರಿದರೆ ಮುಂದಿನ ವಾರದ ಓಟಗಳೂ ಕೆಡುತ್ತವೆ. ಡಿಸೆಂಬರ್‌ಗೆ ಇನ್ನೂ ತಿಂಗಳುಗಳಿವೆ. ಒಂದೆರಡು ಭಾನುವಾರ 10ಕ್ಕೇ ನಿಂತರೆ ಏನೂ ಹಾಳಾಗುವುದಿಲ್ಲ. ಮುಂದಿನ ಭಾನುವಾರ ಬಾಳೆಹಣ್ಣು ತಿಂದು ಹೊರಡಿ.